ಮರಕುಟಿಗನಿಗೊಂದು ಉಂಡೆ

ನನ್ನ ಕೈ ಅಡುಗೆಯನ್ನು ತಟ್ಟೆಯಲ್ಲಿ ಬಿಟ್ಟು ಎದ್ದವರು ಯಾರೂ ಇಲ್ಲ. ಜಂಬಕ್ಕೆ ಹೇಳುತ್ತಿದ್ದೇನೆ ಎಂದುಕೊಂಡರೆ ಅಂದುಕೊಳ್ಳಿ, ನನಗೇನೂ ಬೇಸರವಿಲ್ಲ. ಡಾಲಸ್‌ಗೆ ಬಂದ ಈ ಇಪ್ಪತ್ತೆರಡು ವರ್ಷಗಳಲ್ಲಿ ನಮ್ಮ ಮನೆಯಲ್ಲಿ ಉಂಡವರ ಪೈಕಿ ಖಾರ ಸೇರದವರಿದ್ದರು, ಬೆಳ್ಳುಳ್ಳಿ ಮುಟ್ಟದವರಿದ್ದರು, ಡಯಟ್ ಮಾಡ್ತಿದೀನಿ ಎನ್ನುತ್ತಲೇ ಮೂರನೆಯ ಸಲ ಹುಳಿ ಬಡಿಸಿಕೊಂಡವರಿದ್ದರು. ಮೊಟ್ಟಮೊದಲ ಬಾರಿಗೆ ನಾನು ಮಾಡಿದ್ದನ್ನು ಒಂದೇ ಸಲ ಬಾಯಿಗಿಟ್ಟು, ನನ್ನ ಮುಖವನ್ನೊಮ್ಮೆ ನೋಡಿ, ಎದ್ದು ಹೋದದ್ದು ಒಂದು ಮರಕುಟಿಗ.

ನಮ್ಮ ಮನೆಯಿಂದ ಲಾಸ್ ಕೊಲಿನಾಸ್ ಹತ್ತು ನಿಮಿಷದ ದಾರಿ. ಅಲ್ಲಿನ ಒಂದು ಗಾಜಿನ ಕಟ್ಟಡದಲ್ಲಿ ನಮ್ಮ ಯಜಮಾನರ ಆಫೀಸು. ಮಗಳು ಆಸ್ಟಿನ್‌ನಲ್ಲಿ ಓದುತ್ತಿದ್ದಾಳೆ. ಬೇಲಿಯಾಚೆಯ ಮನೆಯಲ್ಲಿ ಎಂಬತ್ತು ದಾಟಿದ ಒಬ್ಬ ಅಮೆರಿಕನ್ ಹೆಂಗಸು ಇದ್ದಾರೆ, ಪ್ರೈಮರಿ ಶಾಲೆಯ ಟೀಚರಾಗಿ ರಿಟೈರ್ ಆದವರು. ಹೆಸರು ಹಿಡಿದೇ ಕರೆಯಬೇಕೆಂದು ಅವರು ಎಷ್ಟು ಸಲ ಹೇಳಿದರೂ, ನನ್ನ ತಾಯಿಯ ವಯಸ್ಸಿನವರನ್ನು ಹಾಗೆ ಕರೆಯಲು ನಾಲಿಗೆ ಹೊರಳದೆ ನಾನು ಆಂಟಿ ಎಂದೇ ಕರೆಯುತ್ತೇನೆ. ನಮ್ಮಿಬ್ಬರ ಮಾತೆಲ್ಲ ಇಂಗ್ಲಿಷಿನಲ್ಲಿ. ನನ್ನ ನೆನಪಿನಲ್ಲಿ ಮಾತ್ರ ಅವರು ಮೈಸೂರಿನಲ್ಲಿ ಹುಟ್ಟಿ ಬೆಳೆದವರ ಹಾಗೆ ಕನ್ನಡ ಮಾತಾಡುತ್ತಾರೆ.

ಆಂಟಿಯ ಹಿತ್ತಿಲಿನಲ್ಲಿ ಒಂದು ಪೆಕಾನ್ ಮರವಿದೆ. ಚಳಿಗಾಲ ಬಂತೆಂದರೆ ಅದರ ಕೊಂಬೆಗೆ ತಂತಿಯ ಒಂದು ಪುಟ್ಟ ಪಂಜರ ನೇತುಹಾಕಿ, ಅದರೊಳಗೆ ಕಂದುಬಣ್ಣದ ಒಂದು ಚೌಕದ ಬಿಲ್ಲೆ ಇಡುತ್ತಿದ್ದರು. ದೂರದಿಂದ ನೋಡಿದರೆ ಕಡಲೆಬೀಜದ ಬರ್ಫಿ. ಅದನ್ನು ಕುಟುಕಲು ನಾನಾ ಹಕ್ಕಿಗಳು ಬರುತ್ತಿದ್ದವು. ಆದರೆ ಆಂಟಿ 'ಅವನು' ಎಂದು ಕರೆಯುತ್ತಿದ್ದದ್ದು ಒಂದನ್ನೇ: ಬೆನ್ನ ಮೇಲೆ ಕಪ್ಪು ಬಿಳಿ ಪಟ್ಟೆ, ತಲೆ ತುಂಬ ಕೆಂಪು ಇರುವ ಒಂದು ಮರಕುಟಿಗ. ಅವನು ಬಂದ, ಅವನು ಇನ್ನೂ ಬಂದಿಲ್ಲ, ಇವತ್ತು ಅವನಿಗೆ ಯಾಕೋ ಕೋಪ ಎಂದು ಬೇಲಿಯ ಮೇಲಿಂದ ನನಗೆ ವರದಿ ಒಪ್ಪಿಸುತ್ತಿದ್ದರು. ನಾನು ಒಗ್ಗರಣೆಯ ಚಿಂತೆಯಲ್ಲಿ ಹೂಂ ಹೂಂ ಎನ್ನುತ್ತಿದ್ದೆ.

ಹೋದ ನವೆಂಬರಿನಲ್ಲಿ ಪಂಜರ ಹಿಡಿದುಕೊಂಡು ಹಿತ್ತಿಲ ಮೆಟ್ಟಿಲಿಳಿಯುವಾಗ ಆಂಟಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಕೂಗು ಕೇಳಿ ಓಡಿದವಳು ನಾನೇ, ಆಂಬುಲೆನ್ಸಿಗೆ ಫೋನ್ ಮಾಡಿದವಳೂ ನಾನೇ. ಸ್ಟ್ರೆಚರಿನ ಮೇಲೆ ಮಲಗಿಸುವಾಗ ನನ್ನ ಕೈ ಹಿಡಿದುಕೊಂಡರು. ಮನೆ ನೋಡಿಕೋ ಎನ್ನುತ್ತಾರೆ, ಮಗನಿಗೆ ತಿಳಿಸು ಎನ್ನುತ್ತಾರೆ ಎಂದುಕೊಂಡೆ.

"ಪಂಜರದ ಸೂಯೆಟ್ ಬಿಲ್ಲೆ ಖಾಲಿ ಆಗದ ಹಾಗೆ ನೋಡ್ಕೊಳ್ತೀಯಾ? ಫ್ರಿಜ್ಜಿನಲ್ಲಿ ಎರಡಿದೆ. ಮುಗಿದ ಮೇಲೆ ಮಾಡೋಕೆ ಅಲ್ಲೇ ಕಾರ್ಡಿನಲ್ಲಿ ಬರೆದಿದೀನಿ. ಅಂಗಡೀದು ತರಬೇಡ, ಅವನು ಮುಟ್ಟಲ್ಲ," ಎಂದರು.

"ಖಂಡಿತ ಆಂಟಿ, ನಾನೇ ಮಾಡ್ತೀನಿ," ಎಂದು ಮಾತು ಕೊಟ್ಟುಬಿಟ್ಟೆ. ಅಡುಗೆಯ ವಿಷಯದಲ್ಲಿ ನಾನು ಹಿಂದೆ ಮುಂದೆ ನೋಡುವವಳೇ ಅಲ್ಲ.

ಆಪರೇಷನ್ ಆಯಿತು, ಆಂಟಿಯನ್ನು ನಡಿಗೆ ಕಲಿಸುವ ರಿಹ್ಯಾಬ್ ಸೆಂಟರಿಗೆ ಶಿಫ್ಟ್ ಮಾಡಿದರು. ಅವರ ಒಬ್ಬನೇ ಮಗ ಹೂಸ್ಟನ್‌ನ ಉತ್ತರಕ್ಕಿರುವ ದ ವುಡ್‌ಲ್ಯಾಂಡ್ಸ್‌ನಲ್ಲಿ ಯಾವುದೋ ತೈಲ ಕಂಪನಿಯಲ್ಲಿ ದೊಡ್ಡ ಕೆಲಸದಲ್ಲಿದ್ದಾನೆ. ಒಳ್ಳೆಯವನೇ. ಇನ್ನು ಅಮ್ಮ ಒಂಟಿಯಾಗಿರುವುದು ಬೇಡ, ನೇರ ತನ್ನ ಮನೆಗೇ ಬರಲಿ, ಡಾಲಸ್ಸಿನ ಮನೆ ಮಾರಿಬಿಡೋಣ ಎಂದು ಅವನ ಹಟ. ಆಂಟಿ ಮೊದಲ ಸಲ ಫೋನ್ ಮಾಡಿದಾಗ ನನಗೆ ಹೇಳಿದ್ದು ಇಷ್ಟು: "ಮರಕ್ಕೆ ಅವನು ಬರ್ತಾ ಇರೋ ತನಕ ನಾನೂ ನನ್ನ ಮನೆಗೆ ವಾಪಸ್ ಬರ್ತೀನಿ. ಅವನೂ ಬಿಟ್ಟು ಹೋದ ಮೇಲೆ ಅಲ್ಲಿಗೆ ಬಂದು ನಾನೇನು ಮಾಡಲಿ, ಹೇಳು? ದಿನಾ ನಾಲ್ಕು ಗಂಟೆಗೆ ಫೋನ್ ಮಾಡ್ತೀನಿ. ಬಂದಿದ್ನಾ ಇಲ್ವಾ ಅಷ್ಟು ಹೇಳಿದ್ರೆ ಸಾಕು."

ಹತ್ತು ದಿನಕ್ಕೆ ಎರಡೂ ಬಿಲ್ಲೆ ಮುಗಿದವು. ಅವನು ದಿನಾ ಬಂದ, ನಾನು ದಿನಾ ನಾಲ್ಕು ಗಂಟೆಗೆ ಬಂದಿದ್ದ ಎಂದೆ. ಆಮೇಲೆ ಆಂಟಿ ಕೊಟ್ಟ ಬೀಗದ ಕೈಯಿಂದ ಅವರ ಅಡುಗೆಮನೆಗೆ ಹೋಗಿ ಕಾರ್ಡ್ ತೆಗೆದು ಓದಿದೆ. ದುಂಡನೆಯ ಟೀಚರಕ್ಷರ. ಮೊದಲ ಸಾಲಿನಲ್ಲೇ ಇತ್ತು, ದನದ ಕೊಬ್ಬು, ಮೂತ್ರಪಿಂಡದ ಸುತ್ತಲಿನದಾದರೆ ಉತ್ತಮ, ಸಣ್ಣ ಉರಿಯಲ್ಲಿ ಕರಗಿಸಿ.

ನಾನು ಕಾರ್ಡನ್ನು ಬಿಸಿ ಪಾತ್ರೆಯ ಹಾಗೆ ಕೆಳಗಿಟ್ಟೆ. ಬರ್ಫಿಯೆಂದುಕೊಂಡು ಹತ್ತು ದಿನ ಆ ಬಿಲ್ಲೆಗಳನ್ನು ಇದೇ ಕೈಯಲ್ಲಿ ಎತ್ತಿಟ್ಟಿದ್ದೆನಲ್ಲ! ನಮ್ಮದು ಕೇಕಿನಲ್ಲಿ ಮೊಟ್ಟೆ ಇದೆಯೇ ಎಂದು ಮೂರು ಸಲ ಕೇಳುವ ಮನೆ. ದೇವರ ಗೂಡು ಇರುವುದು ಅಡುಗೆಮನೆಯ ಮೂಲೆಯಲ್ಲಿ, ಒಲೆಯಿಂದ ನಾಲ್ಕು ಅಡಿ ದೂರದಲ್ಲಿ. ಅಂಗಡಿಯಲ್ಲಿ ಸಿಗುವ ಬಿಲ್ಲೆಯ ಮೇಲೆ ಏನು ಬರೆದಿದೆ ಎಂದು ಹೋಗಿ ನೋಡಿದೆ. ಅಲ್ಲೂ ಮೊದಲ ಹೆಸರು ಅದೇ.

ಸಂಜೆ ಯಜಮಾನರಿಗೆ ಹೇಳಿದೆ. ಅವರು ಯಾವುದಕ್ಕೂ ಗಾಬರಿಯಾಗುವವರಲ್ಲ, ಅದೇ ಅವರಲ್ಲಿ ನನಗೆ ಆಗದ ಗುಣ.

"ಕೊಬ್ಬು ತಾನೇ ಬೇಕಿರೋದು? ನಮ್ಮನೇಲಿ ತುಪ್ಪ ಇಲ್ವಾ?" ಎಂದರು, ಟಿವಿಯಿಂದ ಕಣ್ಣು ತೆಗೆಯದೆ.

ಇಪ್ಪತ್ತೇಳು ವರ್ಷದ ಸಂಸಾರದಲ್ಲಿ ಅವರು ಕೊಟ್ಟ ಮೊದಲ ಉಪಯುಕ್ತ ಸಲಹೆ ಎಂದು ನನಗೆ ಆ ಹೊತ್ತಿಗೆ ಅನಿಸಿತು. ಮರುದಿನವೇ ಕಡಲೆಬೀಜ ಹುರಿದು ತರಿತರಿಯಾಗಿ ಪುಡಿಮಾಡಿ, ಜೋಳದ ಹಿಟ್ಟು ಹುರಿದು, ಘಮಘಮಿಸುವ ತುಪ್ಪ ಹಾಕಿ ಕಲಸಿದೆ. ಚೌಕ ಮಾಡಲು ಕೈ ಬರಲಿಲ್ಲ, ಉಂಡೆ ಕಟ್ಟಿದೆ. ಏಲಕ್ಕಿ ಡಬ್ಬಿಗೆ ಕೈ ಹೋದದ್ದನ್ನು ಎಚ್ಚರಿಕೆಯಿಂದ ಹಿಂದಕ್ಕೆ ತೆಗೆದುಕೊಂಡೆ. ಒಂದು ಉಂಡೆ ದೇವರ ಮುಂದಿಟ್ಟು, ಉಳಿದದ್ದನ್ನು ಪಂಜರಕ್ಕೆ ತುಂಬಿದೆ.

ಡಾಲಸ್ಸಿನ ಚಳಿಗಾಲ ಎಂಥದ್ದೆಂದು ಇಲ್ಲಿದ್ದವರಿಗೆ ಗೊತ್ತು. ಬೆಳಿಗ್ಗೆ ಸ್ವೆಟರ್, ಮಧ್ಯಾಹ್ನ ಫ್ಯಾನ್. ಹನ್ನೊಂದು ಗಂಟೆಯ ಹೊತ್ತಿಗೆ ಉಂಡೆಗಳು ಕರಗಿ ತುಪ್ಪ ತೊಟತೊಟನೆ ತೊಟ್ಟಿಕ್ಕತೊಡಗಿತು. ಬೇಲಿಯ ಹಲಗೆಯ ಮೇಲೆ, ಹುಲ್ಲಿನ ಮೇಲೆ, ಮೂರನೆಯ ಮನೆಯವರ ನಾಯಿಯ ಮೇಲೆ. ಆ ನಾಯಿ ಆಮೇಲೆ ನಮ್ಮ ಬಾಗಿಲು ಬಿಟ್ಟು ಕದಲಲಿಲ್ಲ. ಇರುವೆಗಳು ಪೆಕಾನ್ ಮರಕ್ಕೆ ಸಾಲುಗಟ್ಟಿದವು. ಅವನು ಬಂದು, ಕೊಂಬೆಯ ಮೇಲೆ ಕೂತು ಇರುವೆಗಳನ್ನೇ ನಾಲ್ಕು ತಿಂದು ಹೋದ. ನಾಲ್ಕು ಗಂಟೆಗೆ ಬಂದಿದ್ದ ಎಂದೆ. ಅದು ನಿಜವೇ ತಾನೇ?

ಗಟ್ಟಿ ಆಗಬೇಕೆಂದರೆ ಪಾಕ ಬೇಕು ಎಂದು ನಾನು ತೀರ್ಮಾನಿಸಿದೆ. ತಪ್ಪು ಆದದ್ದು ಇಲ್ಲೇ. ಬೆಲ್ಲಕ್ಕೆ ನೀರು ಹಾಕಿ ಒಲೆಯ ಮೇಲಿಟ್ಟೆ, ಅಷ್ಟರಲ್ಲಿ ಮಗಳ ಫೋನ್ ಬಂತು. ಅವಳಿಗೆ ಕನ್ನಡ ಎಲ್ಲ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷು. ಹಕ್ಕಿಯ ಕಥೆಯೆಲ್ಲ ಹೇಳಿ ಮುಗಿಸುವ ಹೊತ್ತಿಗೆ ಒಂದೆಳೆ ಪಾಕ ದಾಟಿ, ಎರಡೆಳೆ ದಾಟಿ, ನೀರಿಗೆ ಹಾಕಿದರೆ ಟಣ್ ಎನ್ನುವ ಪಾಕವಾಗಿತ್ತು. ಪರವಾಗಿಲ್ಲ, ಮರ ಕೊರೆಯುವ ಹಕ್ಕಿಗೆ ಇದ್ಯಾವ ಲೆಕ್ಕ ಎಂದು ಅದಕ್ಕೇ ಕಡಲೆಬೀಜ ಸುರಿದು, ಕೈ ಸುಟ್ಟುಕೊಂಡು ಉಂಡೆ ಕಟ್ಟಿದೆ.

ಅವನು ಮಧ್ಯಾಹ್ನ ಬಂದ. ನಾನು ಬೇಲಿಯ ಹತ್ತಿರವೇ ನಿಂತಿದ್ದೆ. ಪಂಜರಕ್ಕೆ ಜೋತುಬಿದ್ದು, ತಲೆ ಹಿಂದಕ್ಕೆಳೆದು, ಓಕ್ ಮರಕ್ಕೆ ಹೊಡೆಯುವ ಹಾಗೆ ಒಂದು ಹೊಡೆದ. ನನ್ನ ಕಿವಿಗೇ ಕೇಳಿಸಿತು. ಉಂಡೆಯಿಂದ ಒಂದು ಚೂರೂ ಬೀಳಲಿಲ್ಲ. ಅವನು ಅಲ್ಲಾಡದೆ ಒಂದು ಕ್ಷಣ ಹಾಗೇ ಇದ್ದ, ಕೊಕ್ಕನ್ನು ಕೊಂಬೆಗೆ ಎರಡು ಸಲ ಒರೆಸಿಕೊಂಡ, ನನ್ನ ಕಡೆ ತಿರುಗಿ ನೋಡಿದ, ಹಾರಿ ಹೋದ. ಜನ್ಮವಿಡೀ ಮರ ಕುಟ್ಟಿಯೇ ಹೊಟ್ಟೆ ಹೊರೆಯುವ ಹಕ್ಕಿ ನನ್ನ ಉಂಡೆಗೆ ಸೋತು ಹೋಗಿತ್ತು.

"ಅಮ್ಮಾ, ಯೂ ಬ್ರೋಕ್ ದ ಬರ್ಡ್," ಎಂದಳು ಮಗಳು, ಸಂಜೆ ಫೋನಿನಲ್ಲಿ ಇದನ್ನು ಹೇಳಿದಾಗ. ಆಸ್ಟಿನ್‌ನಲ್ಲಿ ಅವಳ ರೂಮಿನಲ್ಲಿದ್ದವರೆಲ್ಲ ನಗುವುದು ಕೇಳಿಸಿತು.

ಮರುದಿನ ಅವನು ಬರಲಿಲ್ಲ, ಅದರ ಮರುದಿನವೂ ಇಲ್ಲ. ಕೊಬ್ಬರಿ ಎಣ್ಣೆಯಲ್ಲಿ ಮಾಡಿ ಇಟ್ಟೆ, ವನಸ್ಪತಿಯಲ್ಲಿ ಮಾಡಿ ಇಟ್ಟೆ. ಅಳಿಲುಗಳು ತಿಂದು ತಿಂದು ಉಬ್ಬಿದವು. ಅವುಗಳಲ್ಲಿ ಒಂದಂತೂ ಕೊಂಬೆಯಿಂದ ಕೊಂಬೆಗೆ ನೆಗೆಯುವುದನ್ನೇ ಬಿಟ್ಟು ಬೇಲಿಯ ಮೇಲೆ ನಡೆದೇ ಓಡಾಡುತ್ತಿತ್ತು. ನಾನು ನೈಟಿಯ ಮೇಲೆ ಯಜಮಾನರ ಜಾಕೆಟ್ ಹಾಕಿಕೊಂಡು, ತಲೆಗೆ ಮಂಕಿ ಕ್ಯಾಪ್ ಏರಿಸಿ, ಬೆಳಿಗ್ಗೆಯಿಂದ ಸಂಜೆಯವರೆಗೆ ಅವುಗಳಿಗೆ ಅಚ್ಚ ಕನ್ನಡದಲ್ಲಿ ಬೈದದ್ದೇ ಬೈದದ್ದು.

ನಾಲ್ಕು ಗಂಟೆಗೆ ಫೋನ್. "ಬಂದಿದ್ನಾ?"

ಆ ದನಿಯನ್ನು ನೀವು ಕೇಳಿದ್ದರೆ ನೀವೂ ಅದನ್ನೇ ಹೇಳುತ್ತಿದ್ದಿರಿ. "ಬಂದಿದ್ದ ಆಂಟಿ," ಎಂದೆ.

ಬರೀ ಬಂದಿದ್ದ ಎಂದು ಎಷ್ಟು ದಿನ ಹೇಳಲಾದೀತು? ಮೂರನೆಯ ದಿನ ಹೊಟ್ಟೆ ತುಂಬ ತಿಂದ ಎಂದೆ. ಐದನೆಯ ದಿನ ಅಳಿಲಿನ ಜೊತೆ ಜಗಳವಾಡಿದ, ಅಳಿಲಿನ ಬಾಲ ಕುಟುಕಿದ ಎಂದೆ. ಆಂಟಿ ನಕ್ಕರು, ಸೊಂಟ ನೋಯುತ್ತೆ ನಗಿಸಬೇಡ ಎಂದರು. ನನಗೂ ಉತ್ಸಾಹ ಬಂತು. ಮೂರು ಗಂಟೆಗೆಲ್ಲ ಕಾಫಿ ಕುಡಿಯುತ್ತಾ ಇವತ್ತೇನು ಹೇಳುವುದು ಎಂದು ಯೋಚಿಸತೊಡಗಿದೆ. ಆಂಟಿಯನ್ನು ಬಿಟ್ಟರೆ ಆ ಹೊತ್ತಿನಲ್ಲಿ ನನ್ನ ಜೊತೆ ಮಾತಾಡುವವರು ಯಾರೂ ಇರಲಿಲ್ಲ ಎನ್ನುವುದೂ ನಿಜ. ಡಿಸೆಂಬರ್ ಕೊನೆಯ ಒಂದು ದಿನ ಏನೂ ತೋಚದೆ, "ಇವತ್ತು ಹೆಂಡತೀನ ಕರ್ಕೊಂಡು ಬಂದಿದ್ದ," ಎಂದುಬಿಟ್ಟೆ.

"ಹೌದಾ? ಹೆಂಡತಿ ಅಂತ ಹೇಗೆ ಗೊತ್ತಾಯ್ತು?" ಎಂದು ಆಂಟಿ ಕೇಳಿದರು.

"ಹಣೆ ತುಂಬ ಕೆಂಪಿತ್ತಲ್ಲ, ಎಷ್ಟು ಲಕ್ಷಣವಾಗಿದ್ದಳು!" ಎಂದೆ. ಹಣೆಯಲ್ಲಿ ಕೆಂಪು ಇದ್ದದ್ದು ಹೆಣ್ಣಲ್ಲದೆ ಇನ್ನೇನು? ಹುಟ್ಟಿದಾಗಿನಿಂದ ನಾನು ನೋಡಿದ್ದು ಹಾಗೇ. ಮುತ್ತೈದೆ ಎಂದರೆ ಹಣೆಯಲ್ಲಿ ಕುಂಕುಮ.

"ಇವುಗಳಲ್ಲಿ ಗಂಡಿಗೆ ಮಾತ್ರ ಹಣೆ ಮೇಲೆ ಕೆಂಪು. ಹೆಣ್ಣಿನ ಹಣೆ ಬೋಳು, ಕೆಂಪೆಲ್ಲ ಕುತ್ತಿಗೆ ಹಿಂದೆ," ಎಂದರು ಆಂಟಿ, ಮೂರನೆಯ ಕ್ಲಾಸಿಗೆ ಪಾಠ ಹೇಳುವ ದನಿಯಲ್ಲಿ.

"ಹಾಗಾದ್ರೆ ತಮ್ಮ ಇರಬೇಕು ಆಂಟಿ," ಎಂದೆ.

"ಇರಬಹುದು," ಎಂದರು. ತಮ್ಮನ ಆರೋಗ್ಯವನ್ನು ಮರುದಿನ ಅವರೇ ವಿಚಾರಿಸಿದರು.

ಸಂಕ್ರಾಂತಿ ಕಳೆದ ಮೇಲೆ ಆಂಟಿಯ ಮಗ ಫೋನ್ ಮಾಡಿದ. ಬಹಳ ಮೆತ್ತಗೆ ಮಾತಾಡಿದ. "ನಿಮಗೆ ಹೇಗೆ ಥ್ಯಾಂಕ್ಸ್ ಹೇಳಬೇಕೋ ಗೊತ್ತಾಗ್ತಿಲ್ಲ. ನಿಮ್ಮ ಜೊತೆ ಮಾತಾಡಿ ಫೋನ್ ಇಟ್ಟ ತಕ್ಷಣ ಅಮ್ಮ ವಾಕರ್ ಹಿಡ್ಕೊಂಡು ಕಾರಿಡಾರ್ ಕೊನೇವರೆಗೂ ನಡೀತಾರಂತೆ. ಬೇರೆ ಹೊತ್ತಿನಲ್ಲಿ ಏಳು ಅಂದ್ರೆ ಏಳಲ್ಲ. ನನ್ನ ಮನೇಲಿ ರೂಮು ರೆಡಿ ಮಾಡಿದ್ದೆ. ಈಗ ಕೇಳಿದ್ರೆ, ಅವನು ಕಾಯ್ತಿದಾನೆ, ನಾನು ನನ್ನ ಮನೆಗೇ ಹೋಗೋದು ಅಂತಾರೆ. ಫೆಬ್ರವರಿ ಮೊದಲನೇ ಶನಿವಾರ ಕರ್ಕೊಂಡು ಬರ್ತಿದೀನಿ. ಹಕ್ಕಿ ಬರ್ತಿದೆ ತಾನೇ?"

"ಬರ್ತಿದೆ," ಎಂದೆ.

ಫೋನ್ ಇಟ್ಟು ಸೋಫಾದ ಮೇಲೆ ಕುಸಿದು ಕೂತೆ. ಆಂಟಿ ಬಂದು ಕಿಟಕಿಯ ಬಳಿ ಕೂತು ಖಾಲಿ ಕೊಂಬೆ ನೋಡಿದರೆ? ಎದ್ದು ಸೀದಾ ಮಗನ ಕಾರು ಹತ್ತಿ ವುಡ್‌ಲ್ಯಾಂಡ್ಸ್‌ಗೆ ಹೊರಟುಬಿಟ್ಟರೆ? ಬೇಲಿಯಾಚೆಗೆ ಯಾರೋ ಹೊಸಬರು ಬಂದು, ಪೆಕಾನ್ ಮರ ಕಡಿಸಿ ಈಜುಕೊಳ ತೋಡಿಸಿದರೆ? ನನಗೆ ಅಳು ಬಂತು. ಮರಕುಟಿಗನಿಗಾಗಿ ಅಲ್ಲ. ಆ ಬೀದಿಯಲ್ಲಿ ನನ್ನ ಚಟ್ನಿಪುಡಿ ಮುಗಿದ ದಿನ ಡಬ್ಬಿ ಹಿಡಿದುಕೊಂಡು ಬಂದು ಕೇಳುವವರು ಆಂಟಿ ಒಬ್ಬರೇ.

ಯಜಮಾನರು ಬಂದಾಗ ಹೇಳಿದೆ, "ರೀ, ನಾಳೆ ಕೊಬ್ಬು ತರ್ತೀನಿ. ನಿಜವಾದ್ದು."

ಅವರು ಮೊದಲ ಬಾರಿಗೆ ಟಿವಿ ಆಫ್ ಮಾಡಿದರು. "ನಮ್ಮನೇಲಿ ಕಾಯಿಸ್ತೀಯಾ?"

"ಆಂಟಿ ಮನೇಲಿ. ಅವರ ಒಲೆ, ಅವರ ಬಾಣಲೆ. ಬಂದು ತಲೆಗೆ ಸ್ನಾನ ಮಾಡ್ತೀನಿ. ನೀವೇನೂ ಮಾತಾಡಬೇಡಿ," ಎಂದೆ. ಅವರು ಟಿವಿ ಮತ್ತೆ ಆನ್ ಮಾಡಿದರು.

ಇಪ್ಪತ್ತೆರಡು ವರ್ಷಗಳಿಂದ ಸೂಪರ್‌ಮಾರ್ಕೆಟ್ಟಿನ ಮಾಂಸದ ಕೌಂಟರನ್ನು ನಾನು ಮುಖ ತಿರುಗಿಸಿಕೊಂಡು, ಉಸಿರು ಬಿಗಿಹಿಡಿದು ದಾಟಿದವಳು. ಅವತ್ತು ಎದುರಿಗೇ ಹೋಗಿ ನಿಂತೆ. ಏಪ್ರನ್ ಕಟ್ಟಿದ ಗಡ್ಡದ ಮನುಷ್ಯ ಏನು ಬೇಕು ಎಂದ. ಕಾರ್ಡಿನಲ್ಲಿ ಬರೆದದ್ದನ್ನು ತೋರಿಸಿದೆ. ಬಾಯಲ್ಲಿ ಹೇಳಲು ಆಗಲಿಲ್ಲ. "ಹಕ್ಕಿಗಾ?" ಎಂದು ಅವನೇ ಕೇಳಿ ನಕ್ಕಾಗ ಅವನ ಕಾಲಿಗೆ ಬೀಳಬೇಕೆನಿಸಿತು. ಅವನೇ ಅದನ್ನು ಮೆಷಿನ್ನಿಗೆ ಹಾಕಿ ಸಣ್ಣಗೆ ಮಾಡಿ, ಕಾಗದದಲ್ಲಿ ಸುತ್ತಿ, ಮೇಲೆ ದೊಡ್ಡದಾಗಿ ಅದರ ಹೆಸರಿನ ಚೀಟಿ ಅಂಟಿಸಿ ಕೊಟ್ಟ. ಕಾರ್ಟಿನಲ್ಲಿಟ್ಟು ತಿರುಗುತ್ತೇನೆ, ಎದುರಿಗೆ ನಮ್ಮ ಶನಿವಾರದ ಭಜನೆ ಗುಂಪಿನಾಕೆ. ಕೈಯಲ್ಲಿ ಕೊತ್ತಂಬರಿ ಕಟ್ಟು.

"ಏನ್ರೀ, ನೀವು ಇಲ್ಲಿ?" ಎಂದಳು. ಕಣ್ಣು ಚೀಟಿಯ ಮೇಲಿತ್ತು.

"ಹಕ್ಕಿಗೆ ರೀ."

"ಹಕ್ಕಿಗಾ?"

"ಮರಕುಟಿಗಕ್ಕೆ."

ಅವಳು ಎರಡು ಕೈಯಲ್ಲಿ ಹಿಡಿಯಬೇಕಾದ ಆ ಪೊಟ್ಟಣವನ್ನು ನೋಡಿದಳು, ನನ್ನನ್ನು ನೋಡಿದಳು. "ಎಷ್ಟು ದೊಡ್ಡ ಹಕ್ಕಿ ರೀ ಅದು?" ಎಂದಳು.

ನಾನು ವಿವರಿಸಿದೆ. ಸೊಂಟದಿಂದ ಶುರುಮಾಡಿ, ತುಪ್ಪ, ಪಾಕ, ಅಳಿಲು, ವುಡ್‌ಲ್ಯಾಂಡ್ಸ್ ಎಲ್ಲ ಹೇಳಿದೆ. ವಿವರಿಸಿದಷ್ಟೂ ಅದು ಸುಳ್ಳಿನ ಹಾಗೆ ಕೇಳಿಸುತ್ತಿತ್ತು. ಅವಳು ನನ್ನ ಕೈ ಅದುಮಿ, "ಆಯ್ತು ಬಿಡಿ, ನಾನ್ಯಾರಿಗೂ ಹೇಳಲ್ಲ," ಎಂದು ಹೋದಳು.

ಸಂಜೆಯೊಳಗೆ ಮೂರು ಫೋನ್ ಬಂದವು. ಮೊದಲನೆಯಾಕೆ, ಮನೆಯಲ್ಲಿ ಎಲ್ಲ ಆರೋಗ್ಯ ತಾನೇ ಎಂದು ಕೇಳಿದರು. ಎರಡನೆಯಾಕೆ, ರಕ್ತ ಕಡಿಮೆ ಇದ್ದರೆ ಡಾಕ್ಟರುಗಳು ಹಾಗೆಲ್ಲ ಹೇಳುತ್ತಾರೆ, ಅದು ಔಷಧಿ, ದೋಷವಿಲ್ಲ ಎಂದು ಸಮಾಧಾನ ಹೇಳಿದರು. ಮೂರನೆಯದು ಹೂಸ್ಟನ್‌ನ ನನ್ನ ಹಳೆಯ ಸ್ನೇಹಿತೆಯದು. ನಾನು ಹಲೋ ಎನ್ನುವ ಮೊದಲೇ, "ಮುಚ್ಚಿಟ್ಕೋಬೇಡ ಕಣೇ. ನಾವೂ ಹಿಲ್‌ಕ್ರಾಫ್ಟ್‌ಗೆ ಸೀರೆ ತಗೊಳ್ಳೋಕೆ ಅಂತ ಹೋದಾಗೆಲ್ಲ ಕೋಳಿ ಬಿರಿಯಾನಿ ತಿಂದೇ ಬರೋದು. ಎಂಟು ವರ್ಷ ಆಯ್ತು. ನಿನ್ನ ಹತ್ರ ಹೇಳ್ಕೊಳ್ಳೋಕೆ ನಂಗೆ ಎಷ್ಟು ಭಯ ಇತ್ತು ಗೊತ್ತಾ?" ಎಂದಳು.

"ನಾನು ತಿನ್ನೋಕಲ್ಲ ಕಣೇ, ಅದು ಹಕ್ಕಿಗೆ!"

"ಹೂಂ ಹೂಂ, ಹಕ್ಕಿಗೇ," ಎಂದು ಅವಳು ಪ್ರೀತಿಯಿಂದ ನಕ್ಕಳು. ಮೈ ಉರಿದು ಹೋಯಿತು. ದಿನಾ ನಾಲ್ಕು ಗಂಟೆಗೆ ಹಸಿ ಸುಳ್ಳು ಹೇಳಿದರೆ ನಂಬುತ್ತಾರೆ, ನಿಜ ಹೇಳಿದರೆ ಒಬ್ಬರೂ ನಂಬುವುದಿಲ್ಲವಲ್ಲ ಎಂದು ಅವತ್ತು ಯಜಮಾನರ ಮೇಲೆ ರೇಗಿದೆ.

ಶನಿವಾರ ಬೆಳಿಗ್ಗೆ ಆಂಟಿಯ ಅಡುಗೆಮನೆಗೆ ಹೋದೆ. ಮೈಮೇಲೆ ಯಜಮಾನರ ರೈನ್‌ಕೋಟು, ಕೈಗೆ ಗ್ಲೌಸು, ಮೂಗಿಗೆ ಹಳೆಯ ದುಪಟ್ಟಾ. ಅವರ ಭಾರದ ಕಬ್ಬಿಣದ ಬಾಣಲೆ ಒಲೆಯ ಮೇಲಿಟ್ಟು, ಕಣ್ಣು ಅರೆಮುಚ್ಚಿ ಪೊಟ್ಟಣ ಬಿಚ್ಚಿ ಸುರಿದೆ. ಉರಿ ಸಣ್ಣ ಮಾಡಿದೆ. ಮೊದಲು ಬೆಳ್ಳಗಿತ್ತು, ಅಂಚಿನಲ್ಲಿ ಕರಗಿತು, ಕೊತಕೊತ ಎಂದಿತು. ಓಡಿಹೋಗಿ ಹೊರಗೆ ನಿಲ್ಲಬೇಕೆಂದುಕೊಂಡಿದ್ದವಳು ಸೌಟು ಹಿಡಿದು ಅಲ್ಲೇ ನಿಂತಿದ್ದೆ. ಯಾಕೆಂದರೆ ಈ ಸದ್ದು ನನಗೆ ಗೊತ್ತಿದ್ದದ್ದು. ದೊಡ್ಡ ಗುಳ್ಳೆ ಹೋಗಿ ಸಣ್ಣ ಗುಳ್ಳೆ ಬರುವುದು, ನೀರಿನಂಶ ಹೋದ ಮೇಲೆ ಸದ್ದು ಇದ್ದಕ್ಕಿದ್ದ ಹಾಗೆ ತಗ್ಗುವುದು, ತಳದಲ್ಲಿ ಗಸಿ ಕೆಂಪಗಾಗುವುದು. ಬೆಣ್ಣೆ ಕಾಯಿಸುವುದಕ್ಕೂ ಇದಕ್ಕೂ ನನ್ನ ಕೈಗೆ ವ್ಯತ್ಯಾಸವೇ ತಿಳಿಯಲಿಲ್ಲ. ಸದ್ದು ನಿಂತ ಸರಿಯಾದ ಗಳಿಗೆಗೆ ಒಲೆ ಆರಿಸಿ, ಹಾಕಲು ವೀಳ್ಯದೆಲೆ ಎಲ್ಲಿ ಎಂದು ಸುತ್ತ ಹುಡುಕಿದೆ. ಆಮೇಲೆ ನೆನಪಾಗಿ ನಾಲಿಗೆ ಕಚ್ಚಿಕೊಂಡೆ.

ಸೋಸಿದರೆ ಬಂಗಾರದ ಬಣ್ಣ, ಒಂದು ಕಸರಿಲ್ಲ. ಕಾರ್ಡಿನಲ್ಲಿದ್ದ ಹಾಗೇ ಕಡಲೆಬೀಜದ ಬೆಣ್ಣೆ, ಜೋಳದ ಹಿಟ್ಟು, ಓಟ್ಸ್ ಸೇರಿಸಿ ತಟ್ಟೆಗೆ ಸುರಿದು ಮಟ್ಟಸ ಮಾಡಿ, ಆರಿದ ಮೇಲೆ ಚೌಕಗಳಾಗಿ ಕತ್ತರಿಸಿದೆ. ಅಂಚು ಮುರಿಯದೆ ಎದ್ದು ಬಂದವು. ಸಂತೋಷವಾಯಿತು, ಸಂತೋಷವಾದದ್ದಕ್ಕೆ ನನ್ನ ಮೇಲೆ ನನಗೇ ಸಿಟ್ಟೂ ಬಂತು. ಕಿಟಕಿಯಾಚೆ ನಿಂತಿದ್ದ ಯಜಮಾನರು, "ವಾಸನೆ ಪರವಾಗಿಲ್ಲ ಕಣೇ," ಎಂದರು. ಅವರನ್ನು ಎಂಥ ನೋಟ ನೋಡಿದೆನೆಂದರೆ, ಸುಮ್ಮನೆ ಹೋಗಿ ನನಗೆ ಸ್ನಾನಕ್ಕೆ ಟವೆಲ್ ತೆಗೆದಿಟ್ಟರು.

ಇದಾದ ಮೇಲೆ ಆಂಟಿ ಬರಲು ಒಂದು ವಾರ ಉಳಿದಿತ್ತು. ಚಿಕಡೀ ಎನ್ನುವ ಪುಟ್ಟ ಹಕ್ಕಿಗಳು ಬಂದವು, ರೆನ್ ಬಂತು, ಹೆಸರು ಗೊತ್ತಿಲ್ಲದ ಹಳದಿ ಬೆನ್ನಿನದೊಂದು ಬಂತು. ನಡುವೆ ಎರಡು ದಿನ ಐಸ್ ಬಿದ್ದು ಊರೆಲ್ಲ ಬಾಗಿಲು ಹಾಕಿ ಕೂತಾಗಲೂ, ನಾನು ಮಂಕಿ ಕ್ಯಾಪ್ ಹಾಕಿಕೊಂಡು ಗೋಡೆ ಹಿಡಿದು ಹೋಗಿ ಬಿಲ್ಲೆ ಬದಲಾಯಿಸಿ ಬಂದೆ. ಎಲ್ಲರೂ ತಿಂದರು. ಅವನೊಬ್ಬ ಬರಲಿಲ್ಲ.

ಶನಿವಾರ ಮಧ್ಯಾಹ್ನ ಆಂಟಿಯ ಮಗನ ಕಾರು ಬಂತು. ಆಂಟಿ ಸಣ್ಣಗಾಗಿದ್ದರು, ಆದರೆ ವಾಕರ್ ಹಿಡಿದು ತಾವೇ ನಡೆದು ಒಳಗೆ ಬಂದರು. ಸೀದಾ ಅಡುಗೆಮನೆಯ ಕಿಟಕಿಯ ಮುಂದಿನ ಕುರ್ಚಿಗೆ ಹೋಗಿ ಕೂತರು. ನಾನು ಚಿತ್ರಾನ್ನದ ಡಬ್ಬಿ ಹಿಡಿದುಕೊಂಡು ಬಾಗಿಲಲ್ಲೇ ನಿಂತಿದ್ದೆ. ಮಗ ಎರಡು ಬ್ಯಾಗನ್ನು ವರಾಂಡದಲ್ಲೇ ಇಟ್ಟಿದ್ದ, ಒಳಗೆ ತಂದಿರಲಿಲ್ಲ. ಹಕ್ಕಿ ನೋಡಿದ ಮೇಲೆ ನಿರ್ಧಾರ ಮಾಡೋಣ ಎಂದು ಕಾರಿನಲ್ಲಿ ಮಾತಾಗಿತ್ತೆಂದು ಆಮೇಲೆ ಗೊತ್ತಾಯಿತು. ಆಂಟಿ ಕೊಂಬೆಯನ್ನೇ ನೋಡುತ್ತಿದ್ದರು. ಹದಿನೈದು ನಿಮಿಷವಾಯಿತು, ಅರ್ಧ ಗಂಟೆಯಾಯಿತು. ನನ್ನಿಂದ ತಡೆಯಲಾಗಲಿಲ್ಲ.

"ಆಂಟಿ, ಅವನು ಡಿಸೆಂಬರ್‌ನಿಂದ ಬಂದಿಲ್ಲ. ನನ್ನ ಪಾಕ ಗಟ್ಟಿ ಆಗಿಹೋಯ್ತು. ನಾನು ಹೇಳಿದ್ದೆಲ್ಲ ಸುಳ್ಳು. ಅಳಿಲು, ತಮ್ಮ, ಎಲ್ಲಾನೂ," ಎಂದೆ.

ಮಗ ಸರಕ್ಕನೆ ನನ್ನ ಕಡೆ ತಿರುಗಿದ. "ಅಂದ್ರೆ ಹಕ್ಕಿ ಇಲ್ಲವೇ ಇಲ್ವಾ?"

ಆಂಟಿ ಕಿಟಕಿಯಿಂದ ಮುಖ ತಿರುಗಿಸಲಿಲ್ಲ. "ನೀನು ಅವನ ಹೆಂಡತಿ ಹಣೆಗೆ ಕೆಂಪು ಹಚ್ಚಿದ ದಿನವೇ ನಂಗೆ ಗೊತ್ತಾಯ್ತು. ಮೂವತ್ತೈದು ವರ್ಷ ಮಕ್ಕಳ ಸುಳ್ಳು ಕೇಳಿದೋಳು ನಾನು," ಎಂದರು.

"ಗೊತ್ತಿದ್ದೂ ಯಾಕೆ ದಿನಾ ಫೋನ್ ಮಾಡಿದ್ರಿ?"

"ಆ ಕಾರಿಡಾರಿನಲ್ಲಿ ಎಲ್ಲರೂ ನಿಜವನ್ನೇ ಹೇಳ್ತಿದ್ರು ಕಣಮ್ಮ. ಸೊಂಟ ಹೀಗಿದೆ, ವಯಸ್ಸು ಇಷ್ಟಾಯ್ತು, ಒಬ್ಬರೇ ಇರೋಕಾಗಲ್ಲ. ನಂಗೋಸ್ಕರ ಕೂತು ಯೋಚನೆ ಮಾಡಿ ಸುಳ್ಳು ಹೇಳೋಳು ಒಬ್ಬಳೇ ಇದ್ದಳು, ಅವಳು ಈ ಬೇಲಿ ಪಕ್ಕದಲ್ಲಿದ್ದಳು." ಆಮೇಲೆ ಮಗನ ಕಡೆ ತಿರುಗಿ, "ಬ್ಯಾಗ್ ಒಳಗಿಡು," ಎಂದರು.

ಮಗ ನನ್ನನ್ನು ನೋಡಿದ. ಹೊರಗೆ ಹೋಗಿ ಬ್ಯಾಗ್ ತಂದು ಆಂಟಿಯ ಮಲಗುವ ಕೋಣೆಯಲ್ಲಿಟ್ಟ. ನಾನು ಚಿತ್ರಾನ್ನದ ಡಬ್ಬಿಯನ್ನು ಟೇಬಲ್ಲಿನ ಮೇಲಿಟ್ಟು, ಅಲ್ಲೇ ನಿಂತು ಮುಖ ಮುಚ್ಚಿಕೊಂಡು ಜೋರಾಗಿ ಅತ್ತೆ. ನನಗೆ ಅಷ್ಟು ಸಂತೋಷವಾಗಿತ್ತು.

ಆಂಟಿ ಬಂದ ಐದನೆಯ ದಿನ, ಮಧ್ಯಾಹ್ನ ಹನ್ನೆರಡರ ಹೊತ್ತಿಗೆ ನಾನು ಹೊಸ ಬಿಲ್ಲೆ ಇಟ್ಟು ನಾಲ್ಕು ಹೆಜ್ಜೆ ಬಂದಿದ್ದೆ. ಹಿಂದೆ ರೆಕ್ಕೆಯ ಸದ್ದು ಕೇಳಿಸಿತು. ತಿರುಗಿದರೆ ಅವನು. ಪಂಜರಕ್ಕೆ ಜೋತುಬಿದ್ದು, ಏನೂ ಆಗಿಲ್ಲವೆನ್ನುವ ಹಾಗೆ ತಿನ್ನುತ್ತಿದ್ದ. ಕಿಟಕಿ ನೋಡಿದೆ. ಆಂಟಿ ಕುರ್ಚಿಯಲ್ಲೇ ಬಾಯಿ ತೆರೆದು ಗಾಢ ನಿದ್ದೆಯಲ್ಲಿದ್ದರು. ಗಾಜು ತಟ್ಟಿದರೆ ಅವನು ಹಾರುತ್ತಾನೆ, ತಟ್ಟದಿದ್ದರೆ ಅವರಿಗೆ ತಪ್ಪಿಹೋಗುತ್ತದೆ. ಫೋಟೋ ತೆಗೆಯೋಣವೆಂದರೆ ಫೋನ್ ಒಲೆಯ ಪಕ್ಕದಲ್ಲಿದೆ. ನಾನು ಅಲ್ಲಾಡದೆ ಕಂಬದ ಹಾಗೆ ನಿಂತೆ. ಅವನು ಹೊಟ್ಟೆ ತುಂಬ ತಿಂದ, ಕೊಕ್ಕು ಒರೆಸಿಕೊಂಡ, ಹೋದ.

ನಾಲ್ಕು ಗಂಟೆಗೆ ಕಾಫಿ ಫ್ಲಾಸ್ಕ್ ಹಿಡಿದು ಓಡಿದೆ. "ಆಂಟಿ, ಇವತ್ತು ಬಂದಿದ್ದ! ನೀವು ಮಲಗಿದ್ರಿ! ದೇವರಾಣೆ ಬಂದಿದ್ದ!"

ಆಂಟಿ ನನ್ನ ಕೈ ತಟ್ಟಿದರು. ಭಜನೆ ಗುಂಪಿನಾಕೆ ಸೂಪರ್‌ಮಾರ್ಕೆಟ್ಟಿನಲ್ಲಿ ಅದುಮಿದ್ದಕ್ಕಿಂತ ಮೆತ್ತಗೆ. "ಬಂದೇ ಬಂದಿರ್ತಾನೆ," ಎಂದರು.

"ಇದು ನಿಜ ಆಂಟಿ!"

"ಸರಿ. ಏನು ಮಾಡಿದ?"

"ಬಂದ. ತಿಂದ. ಹೋದ," ಎಂದೆ.

"ಅಷ್ಟೇನಾ?" ಎಂದರು ಆಂಟಿ. ಮುಖ ನಿಜವಾಗಿಯೂ ಸಪ್ಪಗಾಗಿತ್ತು. ಪಕ್ಕದ ಕುರ್ಚಿಯನ್ನು ವಾಕರಿನಿಂದ ನನ್ನ ಕಡೆ ದೂಡಿ, "ಕೂತ್ಕೋ. ಸ್ವಲ್ಪ ನಿಧಾನವಾಗಿ ಯೋಚನೆ ಮಾಡಿ ಹೇಳು," ಎಂದರು.

ನಾನು ಇಬ್ಬರಿಗೂ ಕಾಫಿ ಬಗ್ಗಿಸಿ ಕೂತುಕೊಂಡೆ.